ನಾನು ಲಕ್ಷಣ ಹುಡುಕಿದ ಮೆಣಸಿನಕಾಯಿ ಸುಗ್ಗಿ

ಏನೇನು ಕೆಡಬಹುದು ಎಂದು ಪಟ್ಟಿ ಮಾಡುವುದರಲ್ಲಿ ನಾನು ಸಣ್ಣವನಿದ್ದಾಗಿನಿಂದ ಪಳಗಿದವನು. ಆ ವರ್ಷದ ಪಟ್ಟಿ ಇನ್ನೂ ಬಾಯಿಪಾಠ ಇದೆ. ಹತ್ತನೆಯ ತರಗತಿಯ ಹುಡುಗರು ಗಾಂಜಾ ಸೇದಬಹುದಿತ್ತು. ಪಂಕ್ಚರ್ ಅಂಗಡಿಯ ಸೊಲ್ಯೂಶನ್ನನ್ನು ಕರವಸ್ತ್ರಕ್ಕೆ ಹಾಕಿ ಮೂಸಬಹುದಿತ್ತು. ಕೆಮ್ಮಿನ ಔಷಧವನ್ನು ಕೆಮ್ಮಿಲ್ಲದೆ ಕುಡಿಯಬಹುದಿತ್ತು. ಮದುವೆ ಮನೆಯ ಹಿತ್ತಲಲ್ಲಿ ದೊಡ್ಡವರು ಉಳಿಸಿಹೋದ ಬಿಯರನ್ನು ಮುಗಿಸಿ ಕಾಲುವೆಗೆ ಬೀಳಬಹುದಿತ್ತು. ಒಂದೇ ಬೈಕಿಗೆ ಮೂವರು ಹತ್ತಿ ಭತ್ತದ ಲಾರಿಯ ಹಿಂದಕ್ಕೆ ನುಗ್ಗಬಹುದಿತ್ತು. ಟಿವಿಯವರು ಶಾಲೆಯ ಗೇಟಿನ ಮುಂದೆ ನಿಂತು ನನ್ನ ಹೆಸರನ್ನು ತಪ್ಪಾಗಿ ಬರೆದು ಕೆಳಗಡೆ ಓಡಿಸಬಹುದಿತ್ತು. ಆಮೇಲೆ ನನಗೆ ನೋಟಿಸು, ಅಮಾನತು, ವಿಚಾರಣೆ, ಸಕ್ಕರೆ ಕಾಯಿಲೆ. ಹೆಂಡತಿ ಸುಧಾ ಈ ಪಟ್ಟಿ ಕೇಳಿ, "ಭೂಕಂಪ ಬಿಟ್ಟೀರಲ್ಲ" ಅಂದಿದ್ದಳು. ಬಿಟ್ಟಿರಲಿಲ್ಲ, ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಇಷ್ಟರಲ್ಲಿ ಒಂದೂ ಆಗಲಿಲ್ಲ. ಪಟ್ಟಿಯಲ್ಲೇ ಇಲ್ಲದ ಒಂದೆರಡು ಆದವು. ಅವುಗಳಲ್ಲಿ ದೊಡ್ಡದು ಸರಿಹೋಯಿತು, ಸಣ್ಣದು ಉಳಿಯಿತು.

ಇದೆಲ್ಲ ಮತ್ತೆ ತಲೆಗೆ ಹತ್ತಿದ್ದು ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಕುರುಗೋಡಿನ ಬಸ್ಸಿನಲ್ಲಿ. ನನಗೆ ಈಗ ಅಲ್ಲಿಗೆ ವರ್ಗ. ರಸ್ತೆ ಪಕ್ಕದ ಕಣದಲ್ಲಿ ಕೆಂಪಗೆ ಮೆಣಸಿನಕಾಯಿ ಹರವಿದ್ದರು. ಬಿಸಿಲಿಗೆ ಘಾಟು ಎದ್ದು ಕಿಟಕಿಯಿಂದ ಒಳಗೆ ಬಂತು. ಮೊದಲು ಡ್ರೈವರ್ ಸೀನಿದ, ಆಮೇಲೆ ಕಂಡಕ್ಟರ್, ಆಮೇಲೆ ಟಿಕೆಟ್ ತೆಗೆದುಕೊಂಡವರು, ತೆಗೆದುಕೊಳ್ಳದವರು, ಎಲ್ಲರೂ. ನಾನೂ ಸೀನಿ ಕಣ್ಣು ಒರೆಸಿಕೊಂಡೆ. ಪಕ್ಕದ ಮುದುಕಿ ನನ್ನ ಮುಖ ನೋಡಿ, "ಕಣ್ಣು ಕೆಂಪಗ ಆಗ್ಯಾವ್ರಿ ಸರ" ಅಂದಳು. ಆಗಬೇಕಾದದ್ದೇ. ಮೂರು ವರ್ಷದ ಹಿಂದೆ ಇಂಥವೇ ಎರಡು ಕಣ್ಣಿಗೆ ನಾನು ಒಂದು ಪುಸ್ತಕದಲ್ಲಿ ಟಿಕ್ ಹಾಕಿದ್ದೆ.

ಆಗ ನಾನು ಸಿರುಗುಪ್ಪದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ದಿನಾ ಬೆಳಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ದ್ರಾವಣ, ದ್ರಾವಕ, ದ್ರಾವ್ಯ. ಪರೀಕ್ಷೆಗೆ ಎರಡು ತಿಂಗಳಿದ್ದಾಗ ಹೆಡ್ ಮಾಸ್ತರರು ಕರೆದು ಒಂದು ತರಬೇತಿ ಇದೆ, ಹೋಗಿ ಬರ್ರಿ ಅಂದರು. ಹದಿಹರೆಯದವರ ಕುಡಿತ, ಮಾದಕ ವ್ಯಸನ: ಮುನ್ಸೂಚನೆ ಗುರುತಿಸುವುದು ಹೇಗೆ. ಉಳಿದ ಮೇಷ್ಟ್ರುಗಳು ಯಾಕೆ ಬೇಡ ಎಂದರೋ ನನಗೆ ಗೊತ್ತು. ನನ್ನನ್ನು ಯಾಕೆ ಆರಿಸಿದರೋ ಅದೂ ಗೊತ್ತು. "ನಿಮಗ ಹೆಂಗೂ ಚಿಂತಿ ಮಾಡೋ ರೂಢಿ ಐತಿ. ಸರ್ಕಾರದ ಲೆಕ್ಕದಾಗ ಮಾಡ್ರಿ" ಅಂದರು.

ತರಬೇತಿ ಬಳ್ಳಾರಿಯಲ್ಲೇ, ತಣ್ಣಗಿನ ಒಂದು ಸಭಾಂಗಣದಲ್ಲಿ. ಬೆಳಗ್ಗೆ ಮಾತಾಡಿದವನು ಟೈ ಕಟ್ಟಿಕೊಂಡ ಒಬ್ಬ ಪ್ರೇರಣಾ ಭಾಷಣಕಾರ. "ಯುವಶಕ್ತಿ ಎಂದರೆ ರಾಕೆಟ್, ವ್ಯಸನ ಎಂದರೆ ಅದರ ತೂತು" ಎಂದು ಅವನು ಅಂದಾಗ ನಾವು ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಿದರೆ ಚಹಾ ಬೇಗ ಬರುತ್ತದೆ ಎಂಬುದು ತರಬೇತಿಗಳಲ್ಲಿ ಬೆಳೆದವರಿಗೆಲ್ಲ ಗೊತ್ತು. ಊಟ ಆದ ಮೇಲೆ, ಅರ್ಧ ಸಭೆ ಕೂತಲ್ಲೇ ತೂಕಡಿಸುವಾಗ, ಸರ್ಕಾರಿ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ಬಂದು ಹತ್ತು ನಿಮಿಷ ಮಾತಾಡಿದರು. "ಒಂದು ಲಕ್ಷಣ ನೋಡಿ ಏನೂ ಹೇಳಾಕ ಬರಂಗಿಲ್ರಿ. ಹುಡುಗ ಮೊದಲು ಹೆಂಗಿದ್ದ, ಈಗ ಹೆಂಗದಾನ, ಅದನ್ನ ನೋಡ್ರಿ. ಬ್ಯಾರೆ ಕಾರಣ ಐತೇನು ಹುಡುಕ್ರಿ. ಬೈಯೋಕ್ಕಿಂತ ಮೊದಲು ಕೂಡಿಸಿ ಕೇಳ್ರಿ" ಅಂದರು. ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ನಾನು ಅದನ್ನು ಬರೆದುಕೊಳ್ಳಲಿಲ್ಲ. ಟೈ ಕಟ್ಟಿದವನು ಹಂಚಿದ ಹಾಳೆಯಲ್ಲಿ ಹನ್ನೆರಡು ಲಕ್ಷಣ ಅಂಕಿ ಹಾಕಿ ಅಚ್ಚಾಗಿದ್ದವು. ಅಂಕಿ ಹಾಕಿದ್ದನ್ನು ಕಂಡರೆ ಮೇಷ್ಟ್ರುಗಳಿಗೆ ಭಕ್ತಿ.

ಕಣ್ಣು ಕೆಂಪಾಗುವುದು. ಮೂಗು ಸೋರುವುದು. ತರಗತಿಯಲ್ಲಿ ತೂಕಡಿಕೆ. ತಡವಾಗಿ ಬರುವುದು. ಸೆಖೆಯಲ್ಲೂ ತುಂಬು ತೋಳಿನ ಅಂಗಿ. ಕೇಳಿದರೆ ಹಾರಿಕೆ ಉತ್ತರ. ಹೊಸ ಗೆಳೆಯರು. ವಿಚಿತ್ರ ವಾಸನೆ. ಹೀಗೆ ಹನ್ನೆರಡು. ಆ ಭಾನುವಾರ ಅದನ್ನು ಅಕ್ಕನ ಮನೆಗೆ ಒಯ್ದೆ. ಅಕ್ಕ ವೈಜಯಂತಿ ಎರಡು ರಸ್ತೆ ಆಚೆ ಇರುತ್ತಾಳೆ. ಭಾವನವರು ಬ್ಯಾಂಕಿನಲ್ಲಿ ಅಧಿಕಾರಿ. ಮನೆಯಲ್ಲೂ ಎಲ್ಲರೂ ಸಾಲ ಕೇಳಲು ಬಂದವರೇ ಎಂಬ ಹಾಗೆ ನೋಡುತ್ತಾರೆ. ಅವರ ಒಬ್ಬನೇ ಮಗ ಪ್ರಾಣೇಶ ಆಗ ಪಿಯುಸಿ ಎರಡನೇ ವರ್ಷ, ಸೈನ್ಸು. ನಾನು ಹನ್ನೆರಡೂ ಲಕ್ಷಣ ಗಟ್ಟಿಯಾಗಿ ಓದಿ, ವಿವರಿಸಿ, ಹಳ್ಳಿ ಶಾಲೆಗಳ ಭವಿಷ್ಯದ ಬಗ್ಗೆ ನಿಟ್ಟುಸಿರು ಬಿಟ್ಟೆ.

"ಆ ಕಡೆ ಹುಡುಗರು ಹಂಗೇ ಬಿಡೋ. ತಂದೆ ತಾಯಿನೇ ಕುಡೀತಾರ, ಮಕ್ಕಳು ಏನ್ ಕಲೀಬೇಕು" ಅಂದರು ಭಾವ. ಹೊಸವರ್ಷದ ಪಾರ್ಟಿಯಲ್ಲಿ 'ಮ್ಯಾನೇಜರ್ ಬೇಜಾರಾಗ್ತಾರ' ಎಂಬ ಒಂದೇ ಕಾರಣಕ್ಕೆ ಅವರು ಎರಡು ಗ್ಲಾಸು ತೆಗೆದುಕೊಂಡದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಕುಡಿತ ಅಲ್ಲ, ಸಂಬಂಧ ಕಾಪಾಡಿಕೊಳ್ಳುವುದು.

ಪ್ರಾಣೇಶ ಬಹಳ ವಿನಯದಿಂದ ಕೇಳಿದ. ಬಾಯಲ್ಲಿ ಪುದೀನಾ ಮಿಠಾಯಿ. "ಮಾಮಾ, ಈ ಹಾಳಿ ಹರಿದುಹೋಗ್ತದ. ಕೊಡ್ರಿ, ನಾನು ಲ್ಯಾಮಿನೇಷನ್ ಮಾಡಿಸ್ಕೊಂಡು ಬರ್ತೀನಿ" ಅಂದ. ಸ್ಕೂಟರ್ ಹತ್ತಿ ಹೋದವನು ಒಂದೂವರೆ ಗಂಟೆ ಬಿಟ್ಟು ಬಂದ. ಮೈತುಂಬ ಸೆಂಟು, ಹೊಸ ಮಿಠಾಯಿ, ಕೈಯಲ್ಲಿ ಹೊಳೆಯುವ ಕಾರ್ಡು. "ಏನ್ ಹುಡುಗ ನೋಡು!" ಅಂದೆ ನಾನು ಅಕ್ಕನಿಗೆ. ಅಕ್ಕ, "ಈಗೀಗ ಹಿಸ್ಟರಿ ಮ್ಯಾಲೂ ಮನಸ್ಸು ಬಂದದ ಅವಗ. ಗೆಳ್ಯಾರ ಜೋಡಿ ವಾರಕ್ಕ ಎರಡು ಸಲ ಸಂಗನಕಲ್ಲು ಗುಡ್ಡಕ್ಕ ಹೋಗ್ತಾನ. ಶಿಲಾಯುಗದ ಪ್ರಾಜೆಕ್ಟ್ ಅಂತ" ಅಂದಳು. ಪಿಯುಸಿ ಸೈನ್ಸಿನವನಿಗೆ ಶಿಲಾಯುಗದ ಪ್ರಾಜೆಕ್ಟು ಯಾರು ಕೊಟ್ಟರು ಎಂದು ಕೇಳಲು ಆ ಮನೆಯಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ವಿಜ್ಞಾನದ ಮೇಷ್ಟ್ರು ಇದ್ದರು. ಇಬ್ಬರೂ ಪಾಯಸ ಇನ್ನೊಂದು ಸೌಟು ಹಾಕಿಸಿಕೊಂಡರು.

ಸೋಮವಾರದಿಂದ ನಾನು ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡಿದೆ. ಹಿಂದಿನ ಬೆಂಚಿನಿಂದ ಶುರು ಮಾಡಿದೆ. ಮುಂದಿನ ಬೆಂಚಿನಿಂದ ಯಾಕೆ ಶುರು ಮಾಡಲಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ವಾರದೊಳಗೆ ಒಂದು ಹೆಸರು ನಿಂತಿತು. ಮಾರೇಶ. ಸಿರಿಗೇರಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗ. ಊರಲ್ಲೇ ಶಾಲೆ ಇದ್ದರೂ ಇಂಗ್ಲಿಷ್ ಮೀಡಿಯಂ ಬೇಕೆಂದು ಅವನ ತಾಯಿ ಇಲ್ಲಿಗೆ ಹಾಕಿದ್ದಳು. ಕೂಲಿ ಮಾಡುವ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರವೂ ಇದೆ, ಮಾರೆಮ್ಮನ ಚಿತ್ರವೂ ಇದೆ ಎಂದು ಒಮ್ಮೆ ಅವನೇ ಪ್ರಬಂಧದಲ್ಲಿ ಬರೆದಿದ್ದ. ಜನವರಿಯ ತನಕ ಚುರುಕಾಗಿದ್ದವನು ಈಗ ಎರಡನೇ ಪೀರಿಯಡ್ಡಿಗೆ ಬರುತ್ತಿದ್ದ. ಕಣ್ಣು ಕೆಂಡ. ಮೂಗು ಸೋರುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ತುಂಬುತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು ಕೂರುತ್ತಿದ್ದ. ಕರೆದು ಕೇಳಿದರೆ, "ಏನಿಲ್ರಿ ಸರ" ಎಂದು ನೆಲ ನೋಡುತ್ತಿದ್ದ. ನಾನು ನನ್ನ ನೋಟುಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದೊಂದಾಗಿ ಟಿಕ್ ಹಾಕುತ್ತಾ ಹೋದೆ. ಏಳಾದವು. ಅಷ್ಟು ಖುಷಿ ನನಗೆ ಯಾವ ಹುಡುಗನಿಗೂ ನೂರಕ್ಕೆ ನೂರು ಹಾಕುವಾಗ ಆಗಿರಲಿಲ್ಲ.

ಒಂದು ದಿನ ದ್ರಾವಣದ ಪಾಠ ಪುನರಾವರ್ತನೆ ಮಾಡುತ್ತಿದ್ದೆ. ಮಾರೇಶ ಎದ್ದು ನಿಂತ. "ಸರ, ಒಂದು ಡೌಟು. ಕೈಗೆ ಖಾರ ಹತ್ತಿದ್ರ ನೀರಾಗ ಎಷ್ಟು ತೊಳದ್ರೂ ಯಾಕ ಹೋಗಂಗಿಲ್ರಿ?"

ಎಂಥ ಪ್ರಶ್ನೆ! ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಇಡೀ ಪಾಠವನ್ನು ಆ ಒಂದು ಅಂಗೈಯಲ್ಲಿ ತೋರಿಸಬಹುದಿತ್ತು. ನಾನು, "ಸಿಲೆಬಸ್ಸಿನಾಗ ಇದ್ದದ್ದು ಕೇಳಪ್ಪಾ. ತಡ ಮಾಡಿ ಬಂದು ಟೈಂಪಾಸ್ ಮಾಡಬ್ಯಾಡ" ಅಂದೆ. ತರಗತಿ ನಕ್ಕಿತು. ಅವನು ಕೂತ. ಸಂಬಂಧವಿಲ್ಲದ ಮಾತು ಎಂಬ ಎಂಟನೇ ಟಿಕ್ಕು ಅವತ್ತೇ ಬಿತ್ತು.

ನನ್ನ ಊರು ಬಳ್ಳಾರಿ, ಓದಿದ್ದು ಬಳ್ಳಾರಿ, ಹತ್ತು ವರ್ಷ ಸಿರುಗುಪ್ಪದ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ. ಜನವರಿಯಿಂದ ಮಾರ್ಚಿನವರೆಗೆ ಆ ದಾರಿಯಲ್ಲಿ ಯಾರ ಕಣ್ಣು ಯಾಕೆ ಕೆಂಪಾಗುತ್ತದೆ ಎಂದು ಎಮ್ಮೆ ಕಾಯುವವನಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕಾರ್ಡಿನಲ್ಲಿ ಮೆಣಸಿನಕಾಯಿ ಎಂದು ಬರೆದಿರಲಿಲ್ಲ.

ಫೆಬ್ರವರಿಯಲ್ಲಿ ನಾನು ಬ್ಯಾಗು ತಪಾಸಣೆ ಮಾಡಬೇಕೆಂದು ಹೆಡ್ ಮಾಸ್ತರರಿಗೆ ಹೇಳಿದೆ. ಅವರಿಗೆ ಇಷ್ಟ ಇರಲಿಲ್ಲ. ಏನಾದರೂ ಸಿಕ್ಕರೆ ಕಾಗದ ಬರೆಯಬೇಕಾಗುತ್ತದಲ್ಲ. ಆದರೂ ಬಂದರು. ಹತ್ತನೇ ತರಗತಿಯ ಅಷ್ಟೂ ಜನ ಎದ್ದು ನಿಂತರು. ನಾನು ನೇರ ಹಿಂದಿನ ಬೆಂಚಿಗೆ ಹೋಗಿ ಮಾರೇಶನ ಬ್ಯಾಗಿನ ಜಿಪ್ಪು ಎಳೆದೆ. ನೋಟುಪುಸ್ತಕದ ಕೆಳಗೆ, ಬಟ್ಟೆಯಲ್ಲಿ ಸುತ್ತಿ, ಒಂದು ಕ್ವಾರ್ಟರ್ ಬಾಟಲಿ. ಅರ್ಧದಷ್ಟು ತಿಳಿಹಳದಿ ದ್ರವ. ಬ್ರಾಂದಿಯ ಚೀಟಿ ಅರ್ಧ ಹರಿದು ಹಾಗೇ ಅಂಟಿತ್ತು.

ನಾನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ.

"ಏನಲೇ ಇದು?" ಅಂದರು ಹೆಡ್ ಮಾಸ್ತರರು.

ಮಾರೇಶ ತೋಳು ಎಳೆದುಕೊಂಡ. "ನಮ್ಮವ್ವ ಕೊಟ್ಟಾಳ್ರಿ."

"ಅವ್ವಾನೇ ಕೊಟ್ಟು ಕಳಸ್ಯಾಳಂತ! ಕೇಳಿದ್ರೇನ್ರಿ ಆಚಾರ್ ಸರ್?" ಎಂದು ಅವರು ನನ್ನ ಕಡೆ ತಿರುಗಿದರು.

"ಯಾಕ ಕೊಟ್ಟಾಳ, ಹೇಳು" ಅಂದೆ ನಾನು. ಅವನು ಬಾಯಿ ಬಿಡಲಿಲ್ಲ. ಹೇಳಿದರೆ ಇನ್ನೊಂದು ಹೊರಬೀಳುತ್ತಿತ್ತು. ಅದು ನನಗೆ ಆಮೇಲೆ ತಿಳಿದದ್ದು.

ಸ್ಟಾಫ್ ರೂಮಿನಲ್ಲಿ ಬಾಟಲಿಯನ್ನು ಮೇಜಿನ ಮೇಲಿಟ್ಟು ಇಬ್ಬರೂ ಅದರ ಮುಂದೆ ಕೂತೆವು. "ಮುಚ್ಚಳ ತಗದು ನೋಡ್ರಿ. ನೀವು ಸೈನ್ಸಿನೋರು" ಅಂದರು ಅವರು.

ಈಗ ನಾನು ಬರೆಯಲಿರುವುದನ್ನು ಓದಿ ನಗುವವರು ನಗಬಹುದು, ಉಗಿಯುವವರು ಉಗಿಯಬಹುದು. ಅವತ್ತು ಏಕಾದಶಿ. ನಾನು ನಿರ್ಜಲ ಮಾಡುವಷ್ಟು ದೊಡ್ಡವನಲ್ಲ. ಎರಡು ಕಾಫಿ, ನಾಲ್ಕು ಬಾಳೆಹಣ್ಣು, ಅವಲಕ್ಕಿ ಹೊಟ್ಟೆಗೆ ಹೋಗಿತ್ತು. ತರಗತಿಯಲ್ಲಿ ಗ್ರಹಣದ ದಿನ ಊಟ ಬಿಡುವವರನ್ನು ಆಡಿಕೊಳ್ಳುವವನೂ ನಾನೇ. ಆದರೂ ಹೆಂಡದ ಬಾಟಲಿಗೆ ಮೂಗು ಹಚ್ಚುವುದೆಂದರೆ... "ಇವತ್ತು ಏಕಾದಶಿ ಸರ್" ಅಂದೆ.

"ಹೌದಲ್ಲ! ಬ್ಯಾಡ, ಬ್ಯಾಡ" ಎಂದು ಹೆಡ್ ಮಾಸ್ತರರು ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ಲಿಂಗಪೂಜೆ ತಪ್ಪದೆ ಮಾಡುವವರು. ನನ್ನ ನಿಯಮಕ್ಕೆ ಅವರು ಮರ್ಯಾದೆ ಕೊಟ್ಟರು, ಅವರ ನಿಯಮಕ್ಕೆ ನಾನು. ಇಷ್ಟು ಚೆಂದದ ಸೌಹಾರ್ದದ ನಡುವೆ ಆ ಮುಚ್ಚಳ ಮುಚ್ಚಿಯೇ ಉಳಿಯಿತು. ಪ್ರನಾಳದ ಬಾಯಿಯ ಮೇಲೆ ಕೈ ಬೀಸಿ ವಾಸನೆ ನೋಡಬೇಕು ಎಂದು ಇಪ್ಪತ್ತು ವರ್ಷ ಕಲಿಸಿದವನು ನಾನು. ಮೂಸುವುದೂ ಬೇಡ, ಸ್ವಲ್ಪ ಅಲುಗಾಡಿಸಿದ್ದರೂ ಸಾಕಿತ್ತು. ಬ್ರಾಂದಿ ಅಷ್ಟು ನಿಧಾನಕ್ಕೆ ಗಾಜಿನಿಂದ ಇಳಿಯುವುದಿಲ್ಲ. ನಾನು ಪೇಪರಿನಲ್ಲಿ ಸುತ್ತಿ ಲ್ಯಾಬಿನ ಬೀರುವಿಗೆ ಹಾಕಿ ಬೀಗ ಹಾಕಿದೆ. ಆಮೇಲೆ ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ.

"ಹಾಜರಿ ಹೆಂಗೂ ಕಡಿಮಿ ಐತಿ. ಹಾಲ್ ಟಿಕೆಟ್ ತಡದು ಬಿಡೋಣ. ಈ ವರ್ಷ ಬರೀಲಿಲ್ಲಂದ್ರ ಅವನದೇನು ಗಂಟು ಹೋಕ್ಕತಿ? ಸಾಲಿ ಹೆಸರು ಉಳೀತೈತಿ" ಅಂದರು ಹೆಡ್ ಮಾಸ್ತರರು. ಹದಿನಾರು ವರ್ಷದ ಹುಡುಗನ ಒಂದು ವರ್ಷವನ್ನು ಅವರು ಮೇಜಿನ ಮೇಲಿನ ಧೂಳಿನ ಹಾಗೆ ಒರೆಸಿದರು. ನಾನು, "ಮೊದಲು ತಾಯಿನ್ನ ಕರಸೋಣ" ಅಂದೆ. ಇದನ್ನು ನನ್ನ ಒಳ್ಳೆಯತನ ಎಂದುಕೊಳ್ಳಬಾರದು. ಕಾಗದದಲ್ಲಿ ಪೋಷಕರ ಸಹಿ ಇಲ್ಲದಿದ್ದರೆ ನಾಳೆ ನನ್ನ ತಲೆಗೆ ಬರುತ್ತದೆ ಎಂಬ ಭಯ.

ಮಾರೇಶನನ್ನು ಮನೆಗೆ ಕಳಿಸಿದೆವು. ಎರಡು ದಿನ ಯಾರೂ ಬರಲಿಲ್ಲ. ಎರಡು ದಿನವೂ ನಾನು ಊಟ ಸರಿಯಾಗಿ ಮಾಡಲಿಲ್ಲ. ಹುಡುಗನ ಚಿಂತೆಯಿಂದ ಅಲ್ಲ, ಹುಡುಗ ಏನಾದರೂ ಮಾಡಿಕೊಂಡರೆ ನನ್ನ ಗತಿ ಏನು ಎಂಬ ಚಿಂತೆಯಿಂದ. ಮೂರನೆಯ ದಿನ ಅವನ ತಾಯಿ ಹುಲಿಗೆಮ್ಮ ಬಂದಳು. ಎರಡೂ ಅಂಗೈಗೆ ಹಳೇ ಸೀರೆಯ ಬಟ್ಟೆ ಸುತ್ತಿಕೊಂಡಿದ್ದಳು. ಮಗ ಹಿಂದೆ ನಿಂತಿದ್ದ.

ಹೆಡ್ ಮಾಸ್ತರರು ಕೂರು ಎನ್ನಲಿಲ್ಲ. "ಮಗಗ ಕುಡಿಯೋದು ಕಲಿಸಿ ಸಾಲಿಗೆ ಕಳಸ್ತೀಯೇನಮಾ?" ಅಂದರು.

"ಏನ್ ಕುಡಿಯೋದ್ರಿ?"

ನಾನು ಬೀರು ತೆಗೆದು ಪೇಪರ್ ಬಿಡಿಸಿ ಬಾಟಲಿ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಹಲ್ಲಿನಿಂದ ಮುಚ್ಚಳ ತಿರುಗಿಸಿ ತೆಗೆದು, ಬಟ್ಟೆ ಬಿಚ್ಚಿ, ಅಂಗೈ ಮೇಲೆ ಸುರಿದುಕೊಂಡಳು. ಶೇಂಗಾ ಎಣ್ಣೆ. ಚರ್ಮ ಸುಲಿದು ಕೆಂಪಾಗಿದ್ದ ಕೈಯ ಮೇಲೆ ಅದು ನಿಧಾನ ಹರಡಿತು. ಸ್ಟಾಫ್ ರೂಮಿನಲ್ಲಿ ಒಗ್ಗರಣೆಗೆ ಮೊದಲು ಬರುವಂಥ ವಾಸನೆ.

"ಮೆಣಸಿನಕಾಯಿ ತೊಟ್ಟು ಮುರದು ಮುರದು ನನ್ನ ಕೈ ಹಿಂಗಾಗ್ಯಾವ್ರಿ. ನಾ ಹೋಗ್ಲಿಲ್ಲಂದ್ರ ಮೇಸ್ತ್ರಿ ನನ್ನ ಜಾಗಕ್ಕ ಇನ್ನೊಬ್ಬಾಕಿನ್ನ ಕುಂದ್ರಸ್ತಾನ. ಅದಕ್ಕ ಇವ ನಸುಕಿನಾಗ ಎದ್ದು ನನ್ನ ಬದಲಿ ಕುಂತು, ಆಮ್ಯಾಲ ಬಸ್ ಹತ್ತಿ ಬರ್ತಾನ್ರಿ. ಕೈ ಉರೀತಾವಂತ ಎಣ್ಣಿ ಹಾಕಿ ಕೊಟ್ಟೀನಿ. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಇಂಥವೇ ಬಾಟ್ಲಿ. ನೀವು ಕುಡದು ಒಗದಿದ್ದು ನಾವು ತೊಳಕೊಂಡು ಇಟ್ಕೊಂತೀವಿ."

"ಅವತ್ತೇ ಹೇಳಬೇಕಿಲ್ಲೇನಲೇ?" ಅಂದೆ ನಾನು ಮಾರೇಶನಿಗೆ. ನನ್ನ ದನಿ ನನಗೇ ಅಸಹ್ಯವಾಗಿತ್ತು.

ಉತ್ತರ ಕೊಟ್ಟಿದ್ದು ತಾಯಿ. "ನಾನೇ ಹೇಳಬ್ಯಾಡ ಅಂದಿದ್ದೆ. ಸಾಲಿ ಹುಡುಗನ್ನ ದುಡಿಯಾಕ ಹಚ್ಚೀಯಂತ ನೀವೇ ಕೇಸ್ ಮಾಡ್ತೀರಿ. ನೀವು ಓದಿದೋರು ಸರ. ಮೂರು ದಿನ ಇಟ್ಕೊಂಡ್ರಿ. ಒಂದು ಮುಚ್ಚಳ ತಗದು ಮೂಸಾಕ ಏನಾಗಿತ್ತು ನಿಮಗ?"

ಏಕಾದಶಿ ಆಗಿತ್ತು ಎಂದು ನಾನು ಹೇಳಲಿಲ್ಲ. ಹೆಡ್ ಮಾಸ್ತರರು ಕಿಟಕಿಯ ಕಡೆ ತಿರುಗಿ, "ಅದೂ ತಪ್ಪು, ಹುಡುಗನ್ನ ಕೆಲಸಕ್ಕ ಹಚ್ಚೋದು" ಎಂದು ಗೊಣಗಿದರು. ಸೋತವನು ನಿಯಮಾವಳಿಯ ಮುಂದಿನ ಪುಟ ತಿರುವುತ್ತಾನೆ. ಆದರೆ ಹಾಲ್ ಟಿಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಆ ಶನಿವಾರ ನಾನು ಸಿರಿಗೇರಿಗೆ ಹೋಗಿ ಅವರ ಮೇಸ್ತ್ರಿಯನ್ನು ಕಂಡು, ಹುಲಿಗೆಮ್ಮನ ಕೈ ವಾಸಿಯಾಗುವ ತನಕ ಜಾಗ ಬಿಡಿಸಬೇಡ, ಹುಡುಗ ಪರೀಕ್ಷೆಗೆ ಓದಲಿ ಎಂದು ಹೇಳಬೇಕೆಂದುಕೊಂಡೆ. ಹೇಳಲು ಆಗಲಿಲ್ಲ. ಕಣದ ಅಂಚಿನಲ್ಲಿ ನಿಂತು ಹದಿನಾರು ಸಲ ಸೀನಿದೆ. ಮಾತಿನ ನಡುವೆ ಸೀನು ಬರುವುದಲ್ಲ, ಸೀನಿನ ನಡುವೆ ಮಾತು. ಮೇಸ್ತ್ರಿ ನಕ್ಕು ನಕ್ಕು, "ತಿಳೀತು ಹೋಗ್ರಿ ಸರ, ಆಕಿ ಜಾಗ ಎಲ್ಲೂ ಹೋಗಂಗಿಲ್ಲ. ನೀವು ಮೊದಲು ಗಾಳಿಗೆ ಹೋಗ್ರಿ" ಎಂದು ಕಳಿಸಿದ. ತರಬೇತಿ ಪಡೆದ ಯಾವನಾದರೂ ನನ್ನ ಕಣ್ಣು ಮೂಗು ನೋಡಿದ್ದರೆ ಅವತ್ತು ನನ್ನನ್ನು ಹಿಡಿದು ಆಸ್ಪತ್ರೆಗೆ ಸೇರಿಸುತ್ತಿದ್ದ.

ಮಾರೇಶನ ಹತ್ತಿರ ಕ್ಷಮೆ ಕೇಳಿದೆನೇ? ಇಲ್ಲ. "ಚೆನ್ನಾಗಿ ಓದಪ್ಪಾ" ಎಂದು ಬೆನ್ನು ತಟ್ಟಿದೆ. ಮೇಷ್ಟ್ರುಗಳು ಕ್ಷಮೆಯನ್ನು ಹೀಗೆ ಕೇಳುತ್ತಾರೆ, ಕೇಳಿಸದ ಹಾಗೆ.

ಮರುದಿನ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಕಾರ್ಡು ಒಯ್ಯಲಿಲ್ಲ. ಮೂಗು ಇನ್ನೂ ಉರಿಯುತ್ತಿತ್ತು. ಅದಕ್ಕೇ ಏನೋ, ಅದು ಕೆಲಸ ಮಾಡಲು ಶುರು ಮಾಡಿತ್ತು. ಪ್ರಾಣೇಶನ ಪಕ್ಕದಲ್ಲಿ ನನ್ನ ಎಲೆ. ಪುದೀನಾ, ಸೆಂಟು, ಅವೆರಡರ ಕೆಳಗೆ ಇನ್ನೊಂದು ವಾಸನೆ. ನನಗೆ ಡಾಕ್ಟರಮ್ಮನ ಮಾತು ನೆನಪಾಯಿತು: ಮೊದಲು ಹೆಂಗಿದ್ದ, ಈಗ ಹೆಂಗದಾನ. ಮೊದಲು ಹುಳಿ ಅನ್ನ ಮೂರು ಸಲ ಹಾಕಿಸಿಕೊಳ್ಳುತ್ತಿದ್ದ, ಈಗ ಎಲೆಯಲ್ಲಿ ಬೆರಳಾಡಿಸುತ್ತಿದ್ದ. ಮೊದಲು ಎದುರು ಮನೆಯ ಹುಡುಗನ ಜೊತೆ ದಿನಾ ಶಟಲ್ ಆಡುತ್ತಿದ್ದ. ಆ ಹುಡುಗ ಮನೆಗೆ ಬಂದು ಎಷ್ಟು ತಿಂಗಳಾಯಿತು? ಫೋನು ಕೇಳಿದರೆ ಅಕ್ಕನ ಮೇಲೆ ಹಾಯುತ್ತಿದ್ದ. ನಾವು ಅದಕ್ಕೆ 'ಪರೀಕ್ಷೆ ಟೆನ್ಶನ್' ಎಂದು ಹೆಸರಿಟ್ಟಿದ್ದೆವು. ನಮ್ಮ ಮನೆಯ ಹುಡುಗನಿಗೆ ಎಲ್ಲದಕ್ಕೂ ಒಂದು ಗೌರವಸ್ಥ ಹೆಸರು ಇತ್ತು. ಮಾರೇಶನಿಗೆ ಬರೀ ಟಿಕ್ಕು.

ಊಟ ಆದ ಮೇಲೆ ಮಾಳಿಗೆಗೆ ಕರೆದೆ. ಅಲ್ಲಿ ಅಕ್ಕ ಸಂಡಿಗೆ ಒಣಹಾಕಿದ್ದಳು. ಬಿಸಿಲಿಗೆ ದೂರದ ಗುಡ್ಡ ನಡುಗುತ್ತಿತ್ತು.

"ಕಾರ್ಡ್ ತಂದೀರೇನು ಮಾಮಾ?" ಅಂದ, ಸ್ವಲ್ಪ ಕೊಂಕಾಗಿ.

"ಇಲ್ಲ. ಸಂಗನಕಲ್ಲಿನಾಗ ಏನ್ ಸಿಕ್ತೋ?"

ಅವನು ನಕ್ಕ. ನಾನು ನಗಲಿಲ್ಲ. ಬೈಯಲೂ ಇಲ್ಲ, ಬೈಯುವ ಯೋಗ್ಯತೆ ಆ ವಾರ ಖರ್ಚಾಗಿ ಹೋಗಿತ್ತು. ಒಂದು ಸಂಡಿಗೆ ಮುರಿದುಕೊಂಡು ಕೂತೆ. ಎರಡನೆಯದಕ್ಕೆ ಕೈ ಹಾಕುವಾಗ ಅವನೇ, "ಮೊದಲು ಬರೇ ಬಿಯರು. ದೀಪಾವಳಿ ಆದ ಮ್ಯಾಲೆ... ಈಗ ಕಾಲೇಜಿಗೆ ಹೋಗೋಕಿಂತ ಮೊದಲೇ ಬೇಕು ಅನ್ನಸ್ತದ ಮಾಮಾ. ಬ್ಯಾಡ ಅಂದ್ರೂ" ಅಂದ. ಆಮೇಲೆ ಸಣ್ಣ ಹುಡುಗನ ಹಾಗೆ ಅತ್ತ.

ಕೆಳಗಿಳಿದು ವಿಷಯ ಹೇಳಿದಾಗ ಭಾವ, "ಯಾವನೋ ಹಳ್ಳಿಯವ ಕಲಿಸ್ಯಾನ. ನಮ್ಮ ವಂಶದಾಗ ಇಂಥಾದ್ದಿಲ್ಲ" ಎಂದು ಶುರು ಮಾಡಿದರು. ಅಕ್ಕ ಜೀವನದಲ್ಲಿ ಮೊದಲ ಸಲ, "ಬಾಯಿ ಮುಚ್ಚಿ ಚಪ್ಪಲಿ ಹಾಕ್ಕೊಳ್ರಿ. ನಾಳೆ ಮುಂಜಾನೆ ದವಾಖಾನೆಗೆ ಹೋಗೋದದ" ಅಂದಳು. ಮರುದಿನದ ಕೆಲಸಕ್ಕೆ ಭಾವ ಆಗಲೇ ಚಪ್ಪಲಿ ಹುಡುಕಲು ಎದ್ದರು. ಹೋದರು. ಅದೇ ಡಾಕ್ಟರಮ್ಮ. ನಾಲ್ಕಾರು ತಿಂಗಳು ಬೇಕಾಯಿತು, ಎರಡು ಸಲ ಜಾರಿದ, ಒಂದು ವರ್ಷ ತಡವಾಗಿ ಪಿಯುಸಿ ಮುಗಿಸಿದ. ಈಗ ಎದುರು ಮನೆಯ ಹುಡುಗನ ಜೊತೆ ಮತ್ತೆ ಶಟಲ್ ಆಡುತ್ತಾನೆ. ಅವನು ಕಳೆದುಕೊಂಡ ಒಂದು ವರ್ಷಕ್ಕೆ ಯಾರೂ 'ಅವನದೇನು ಗಂಟು ಹೋಯಿತು' ಎನ್ನಲಿಲ್ಲ. ಬಂಧು ಬಳಗಕ್ಕೆ ನಾವು ಜಾಂಡೀಸ್ ಎಂದು ಹೇಳಿದೆವು.

ಮಾರೇಶನೂ ಪರೀಕ್ಷೆ ಬರೆದ. ಪಾಸಾದ, ವಿಜ್ಞಾನದಲ್ಲಿ ಒಳ್ಳೆಯ ಅಂಕವನ್ನೇ ತೆಗೆದ. ಹುಲಿಗೆಮ್ಮನ ಕೈ ವಾಸಿಯಾಯಿತು. ಶಾಲೆಯ ಹೆಸರು ಉಳಿಯಿತು. ವ್ಯಸನ ಮುಕ್ತ ಶಾಲೆ ಎಂದು ನಮಗೊಂದು ಪ್ರಶಸ್ತಿಪತ್ರವೂ ಬಂತು; ಹೆಡ್ ಮಾಸ್ತರರು ಅದಕ್ಕೆ ಗಾಜು ಹಾಕಿಸಿದರು. ನಾನು ವೇದಿಕೆ ಹತ್ತಿ ಅದನ್ನು ಇಸಕೊಂಡು ಫೋಟೋಕ್ಕೆ ನಿಂತೆ. ಹಲ್ಲು ಕಾಣುವ ಹಾಗೆ ನಕ್ಕಿದ್ದೇನೆ.

ಹೋದ ವಾರ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸು ಕಾಯುತ್ತಾ ನಿಂತಿದ್ದೆ. "ನಮಸ್ಕಾರ್ರಿ ಸರ" ಎಂಬ ದನಿ. ತಿರುಗಿದರೆ ಎತ್ತರದ ಹುಡುಗ, ಚಿಗುರು ಮೀಸೆ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮಾರೇಶ. ಬಳ್ಳಾರಿಯಲ್ಲಿ ಬಿ.ಎಸ್‌ಸಿ. ಮೊದಲ ವರ್ಷ, ಕೆಮಿಸ್ಟ್ರಿ. ಕುರುಗೋಡಿನಲ್ಲಿ ಅವನ ಅಕ್ಕನನ್ನು ಕೊಟ್ಟಿದ್ದಾರೆ, ನೋಡಲು ಬಂದಿದ್ದನಂತೆ. ಮುಖದಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ನಿಜಕ್ಕೂ ಖುಷಿಯಿಂದ ಮಾತಾಡಿಸುತ್ತಿದ್ದ.

"ಅವ್ವ ಹೆಂಗದಾಳಪ್ಪಾ?"

"ಆರಾಮ ಅದಾಳ್ರಿ. ಈಗ ಮೆಣಸಿನಕಾಯಿಗೆ ಹೋಗಂಗಿಲ್ರಿ, ಅಂಗನವಾಡ್ಯಾಗ ಅಡಿಗಿ ಮಾಡ್ತಾಳ."

"ಓದು ಹೆಂಗ ನಡದೈತಿ?"

"ಚಲೋ ಐತ್ರಿ ಸರ. ಲ್ಯಾಬ್ ಅಂದ್ರ ಭಾಳ ಇಷ್ಟ" ಎನ್ನುತ್ತಿದ್ದವನು ಹೆಗಲ ಮೇಲಿನ ಬ್ಯಾಗನ್ನು ಮುಂದಕ್ಕೆ ತಂದುಕೊಂಡ. ಏನೋ ಪುಸ್ತಕ ತೋರಿಸುತ್ತಾನೆ ಎಂದುಕೊಂಡೆ. ಅವನು ಟೈಟ್ರೇಷನ್ ಬಗ್ಗೆ ಹೇಳುತ್ತಲೇ ಇದ್ದ. ಹೇಳುತ್ತಾ ಹೇಳುತ್ತಾ ಜಿಪ್ಪು ಕೊನೆಯ ತನಕ ಎಳೆದ. ಬ್ಯಾಗಿನ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ, ನನ್ನ ಕಡೆ ಸ್ವಲ್ಪ ಬಾಗಿಸಿ ಹಿಡಿದ. ತಾನು ಹಾಗೆ ಮಾಡುತ್ತಿದ್ದೇನೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಒಳಗೆ ಎರಡು ನೋಟುಪುಸ್ತಕ, ಒಂದು ಟವೆಲು, ಅಕ್ಕ ಕಟ್ಟಿಕೊಟ್ಟ ರೊಟ್ಟಿ ಗಂಟು. ನಾನು ನೋಡುವ ತನಕ ಅವನ ಕೈ ಅದನ್ನು ಹಾಗೇ ತೆರೆದು ಹಿಡಿದಿತ್ತು.